ಕಾರ್ ಶೆಡ್ಡಿನ ಬಾಗಿಲಿನ ಭಾರ

ಫೋನ್ ಬಂದಾಗ ನಾನು ಬಸ್ರೂರಿನಲ್ಲಿ ಒಂದು ದಿನಸಿ ಅಂಗಡಿಯ ಎದುರು ಏಣಿಯ ಮೇಲಿದ್ದೆ. ಶಟರಿನ ಪಟ್ಟಿಯೊಂದು ಲಾರಿ ತಾಗಿ ಬಾಗಿತ್ತು, ಅದನ್ನು ಬಿಡಿಸುತ್ತಿದ್ದೆ. ಆ ಕಡೆಯಿಂದ ಹೆಂಗಸಿನ ದನಿ. ಗಡಿಬಿಡಿ ಇರಲಿಲ್ಲ, ಆದರೆ ಪೀಠಿಕೆಯೂ ಇರಲಿಲ್ಲ.

"ನಮ್ ಕಾರ್ ಶೆಡ್ಡಿನ್ ಬಾಗ್ಲ್ ಓರೆ ಆಯಿ ಸಿಕ್ಕಂಡಿತ್ತ್. ಕಾರ್ ಒಳ್ಗೇ ಇತ್ತ್. ನಾಳೆ ಬೆಳಿಗ್ಗೆ ಅದ್ ಹೊರ್ಗೆ ಬರ್ಲೇಬೇಕ್. ನೀವ್ ಬತ್ರಾ?"

"ಶಟರಾ ಅಕ್ಕ?"

"ಶಟರ್ ಅಲ್ಲ. ಮರದ್ದ್. ರಿಮೋಟ್ ಒತ್ರೆ ಮೇಲ್ ಹೋಪುದ್."

ನಮ್ಮ ಕಡೆ ಅಂಥ ಬಾಗಿಲು ಅಪರೂಪ. ಅಂಗಡಿ ಶಟರು, ಮನೆ ಎದುರಿನ ಜಾರುವ ಗೇಟು, ಅವುಗಳ ಮೋಟಾರು, ಇಷ್ಟೇ ನನ್ನ ದಿನದ ಕೆಲಸ. ಹಲಗೆ ಹಲಗೆಯಾಗಿ ಮೇಲೇರಿ ಮಲಗುವ ಬಾಗಿಲನ್ನು ಬೆರಳೆಣಿಕೆಯಷ್ಟು ಕಡೆ ಹಾಕಿದ್ದೆ, ಅವೆಲ್ಲ ಹೊಸ ತಗಡಿನವು. ಹಳೆಯದನ್ನು ಬಿಚ್ಚಿ ನೋಡಿದ್ದಿಲ್ಲ. "ಬಂದ್ ಕಾಂಬ," ಅಂದೆ.

ಮನೆ ಕೋಟೇಶ್ವರದಿಂದ ಕಡಲ ಬದಿಗೆ. ಅಂಗಳದಿಂದ ಜಗಲಿಗೆ ಮೆಟ್ಟಿಲಿರಲಿಲ್ಲ, ಸಿಮೆಂಟಿನ ಇಳಿಜಾರು ಇತ್ತು. ಅಕ್ಕ ಗಾಲಿಕುರ್ಚಿಯಲ್ಲಿ ಅದರ ಮೇಲೆ ಕೂತು ಕಾಯುತ್ತಿದ್ದರು. ಐವತ್ತೈದರ ಆಸುಪಾಸಿನ ಪ್ರಾಯ. ಸಣ್ಣದರಲ್ಲೇ ಪೋಲಿಯೊ ಬಂದು ಎರಡೂ ಕಾಲು ಸೋತವರು. ಪಕ್ಕದಲ್ಲಿ ಊರುಗೋಲು ಹಿಡಿದು ನಿಂತಿದ್ದವನು ಉಪ್ಪುಂದದ ಒಬ್ಬ ಮೀನುಗಾರ. ಬಲಗಾಲು ಮಂಡಿಯಿಂದ ಕೆಳಗಿರಲಿಲ್ಲ. ಬೋಟಿನಲ್ಲಿ ಬಲೆಯ ಹಗ್ಗ ಸುತ್ತುವ ವಿಂಚಿಗೆ ಹಗ್ಗದ ಜೊತೆ ಕಾಲು ಹೋದದ್ದು ಎಂದು ಆಮೇಲೆ ಗೊತ್ತಾಯಿತು.

ಅಕ್ಕ ಕಾರು ಕಲಿಸುತ್ತಾರೆ. ಕಾಲಿಲ್ಲದವರಿಗೆ, ಕಾಲಿದ್ದೂ ಬಲವಿಲ್ಲದವರಿಗೆ. ಅವರ ಕಾರಿನಲ್ಲಿ ಬ್ರೇಕೂ ಆಕ್ಸಿಲೇಟರೂ ಕೈಯಲ್ಲೇ. ಸ್ಟೇರಿಂಗಿನ ಕೆಳಗೆ ಒಂದು ಸರಳು, ಮುಂದೆ ದೂಡಿದರೆ ಬ್ರೇಕು, ಕೆಳಗೊತ್ತಿದರೆ ಓಟ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅಂಥ ಕಾರಿನಲ್ಲಿ ಕಲಿಸುವವರು ಬೇರೆ ಯಾರೂ ಇದ್ದಂತೆ ನನಗೆ ಗೊತ್ತಿಲ್ಲ. ಮೀನುಗಾರನಿಗೆ ಮರುದಿನ ಆರ್‌ಟಿಒದಲ್ಲಿ ಪರೀಕ್ಷೆ. ಅವನ ಎಲ್‌ಎಲ್, ಕಲಿಯುವವರ ಲೈಸೆನ್ಸು, ಮುಗಿಯುವ ಹೊತ್ತಾಗಿತ್ತು. ಒಮ್ಮೆ ಮುಗಿದರೆ ಮತ್ತೆ ಮೊದಲಿನಿಂದ ಶುರು. ಅಂಥದೇ ಕಾರಿಲ್ಲದೆ ಪರೀಕ್ಷೆ ಕೊಡುವಂತಿಲ್ಲ, ಆ ಕಾರು ಬಾಗಿಲ ಹಿಂದೆ.

"ಬಂದರಲ್ ಮೀನ್ ಏಲಂ ಹಿಡೂಕ್ ಒಂದ್ ಜನ ಬೇಕಂಬ್ರು," ಅಂದ ಅವನು. "ಗಾಡಿ ಬಿಡೂಕೆ ಬಂದ್ರೆ ಮಾತ್ರ."

ಮನೆಯೊಳಗಿಂದ ಶೆಡ್ಡಿಗೆ ಒಂದು ಸಣ್ಣ ಬಾಗಿಲಿತ್ತು. ಅದರಲ್ಲಿ ಹೋಗಿ ಟಾರ್ಚು ಹಾಕಿದೆ. ನಾಲ್ಕು ಅಡ್ಡ ಹಲಗೆಗಳು ಬಿಜಾಗರಿಯಲ್ಲಿ ಒಂದಕ್ಕೊಂದು ಸೇರಿ, ಎರಡೂ ಬದಿಯ ಕಬ್ಬಿಣದ ಹಳಿಯಲ್ಲಿ ಸಣ್ಣ ಚಕ್ರಗಳ ಮೇಲೆ ಏರಬೇಕು, ಮೇಲೆ ಹಳಿ ಬಾಗಿದಲ್ಲಿ ತಾವೂ ಬಾಗಿ ಸ್ಲ್ಯಾಬಿನಡಿಗೆ ಹೋಗಿ ಮಲಗಬೇಕು. ಈಗ ಎಡ ಮೂಲೆ ನೆಲಕ್ಕೆ ತಾಗಿತ್ತು. ಬಲ ಮೂಲೆ ಒಂದು ಗೇಣು ಮೇಲೆ, ಕೆಳಗಿನ ಚಕ್ರ ಹಳಿಯಿಂದ ಹೊರಗೆ. ಸ್ಲ್ಯಾಬಿನಿಂದ ನೇತಾಡುವ ಪೆಟ್ಟಿಗೆಯೊಳಗೆ ಮೋಟಾರು. ಅಲ್ಲಿಂದ ಬಾಗಿಲವರೆಗೆ ಸೈಕಲ್ ಚೈನಿನಂಥದೇ ಒಂದು ಚೈನು. ಗೋಡೆಯ ಬಟನ್ ಒತ್ತಿದೆ. ಮೋಟಾರು ಗುಂಯ್ ಅಂದಿತು. ಚೈನು ಅಲ್ಲಾಡಲಿಲ್ಲ.

"ಗೇರ್ ಹೋಯಿತ್ತ್," ಅಂದೆ. "ಎಷ್ಟ್ ಹಳೇದ್ ಇದ್?"

"ನಮ್ಮಣ್ಣ ದುಬೈಯಗೆ ಇದೇ ಕೆಲ್ಸದಗೆ ಇದ್ದಿದ್ದ. ರಜೆಗೆ ಬಪ್ಪತಿಗೆ ಮಿಷನ್ ಬಿಚ್ಚಿ ಪೆಟ್ಗೆ ತುಂಬ್ಕಂಡ್ ಬಂದ. ನಾ ಕಾರ್ ಕಲ್ತ್ ವರ್ಷ. ಹಲ್ಗೆ ಮಾಡ್ಸದ್ದ್ ಗಂಗೊಳ್ಳಿ ದೋಣಿ ಆಚಾರ್ರ ಹತ್ರ."

ಅಷ್ಟು ಹಳೆಯ ಮಿಷನ್ನಿಗೆ ಗೇರು ಎಲ್ಲಿ ಸಿಗುತ್ತದೆ? ಎಲ್ಲ ಕಿತ್ತು ಮೋಟಾರಿನ ಶಟರು ಹಾಕಿ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಟಾರ್ಚಿನ ಬೆಳಕು ಬಾಗಿಲ ಮೇಲೆ ಅಡ್ಡಕ್ಕಿದ್ದ ಕಬ್ಬಿಣದ ಶಾಫ್ಟಿಗೆ ಬಿತ್ತು. ಅದರ ಮೇಲೆ ಎರಡು ಉದ್ದ ಸ್ಪ್ರಿಂಗುಗಳು. ಒಂದರ ನಡುವೆ ಎರಡು ಬೆರಳು ಹೋಗುವಷ್ಟು ಸಂದು.

"ಅಕ್ಕ, ಈಚೆಗ್ ಎಂತಾರೂ ದೊಡ್ಡ್ ಶಬ್ದ ಕೇಣ್ತಾ ಇಲ್ಲಿ?"

ಅವರು ಯೋಚಿಸಿದರು. "ಹೋದ್ವಾರ ಒಂದಿನ. ತೆಂಗಿನ್ಕಾಯಿ ಹಂಚಿನ್ ಮೇಲೆ ಬಿದ್ದಂಗ್ ಆಯ್ತ್. ಹೊರ್ಗ್ ಬಂದ್ ಕಂಡ್ರೆ ಎಂತದೂ ಇಲ್ಲ. ಆಮೇಲೆ ಮಿಷನ್ ಒಂಚೂರ್ ನರಳುಕೆ ಶುರು ಮಾಡ್ತ್."

ಆಗ ನನಗೆ ನಡೆದದ್ದು ಕಣ್ಣಿಗೆ ಕಟ್ಟಿದ ಹಾಗಾಯಿತು. ಉಪ್ಪುಗಾಳಿಗೆ ತುಕ್ಕು ತಿಂದ ಸ್ಪ್ರಿಂಗು ಅವತ್ತು ತುಂಡಾಗಿದೆ. ಬಾಗಿಲಿನ ಅರ್ಧ ಭಾರ ಮಿಷನ್ನಿನ ತಲೆಗೆ ಬಂದಿದೆ. ಅದು ನರಳುತ್ತಾ ಕೆಲವು ದಿನ ಎಳೆದಿದೆ. ಇವತ್ತು ಬಾಗಿಲು ಎದ್ದ ಸ್ವಲ್ಪ ಹೊತ್ತಿಗೆ ಗೇರಿನ ಹಲ್ಲು ಸವೆದು ಹೋಗಿ ಬಾಗಿಲು ಬಿದ್ದಿದೆ, ಬಿದ್ದ ಪೆಟ್ಟಿಗೆ ಬಲಬದಿಯಲ್ಲಿ ಬಾಗಿಲನ್ನು ಎತ್ತುವ ಉಕ್ಕಿನ ಹಗ್ಗ ಶಾಫ್ಟಿನ ತುದಿಯ ಡ್ರಮ್ಮಿನಿಂದ ಹಾರಿ ಶಾಫ್ಟಿಗೆ ಸುತ್ತಿಕೊಂಡಿದೆ. ಮಿಷನ್ನು ಕೆಟ್ಟದ್ದರಿಂದ ಬಾಗಿಲು ಸಿಕ್ಕಿಕೊಂಡದ್ದಲ್ಲ. ಬಾಗಿಲು ಭಾರವಾದದ್ದರಿಂದ ಮಿಷನ್ನು ಸತ್ತದ್ದು.

ಮೀನುಗಾರನಿಗೆ ಇದೆಲ್ಲ ಕೇಳುವ ತಾಳ್ಮೆ ಇರಲಿಲ್ಲ. "ಹ್ವಾಯ್, ಒಂದ್ ಕಟ್ಟರ್ ತಂದ್ ಹಲ್ಗಿ ಕೊಯ್ದ್ರೆ ಮುಗೀತಿಲ್ಯಾ? ಬಾಗ್ಲ್ ನಾ ಮಾಡ್ಸಿ ಕೊಡ್ತೆ ಅಕ್ಕಂಗೆ."

ಅಕ್ಕ ನನ್ನ ಮುಖ ನೋಡಿದರು. ನಾನು ಉಳಿದ ಸ್ಪ್ರಿಂಗನ್ನು ತೋರಿಸಿದೆ. ಅದು ಇನ್ನೂ ಬಿಗಿದೇ ಇತ್ತು. ಶಟರಿನ ಸ್ಪ್ರಿಂಗು ಪೈಪಿನೊಳಗೆ ಅಡಗಿರುತ್ತದೆ, ಇದು ಬಯಲಿನಲ್ಲಿತ್ತು. ಅದರ ಬಲವನ್ನೆಲ್ಲ ಈಗ ಹಿಡಿದುಕೊಂಡಿದ್ದದ್ದು ಒಂದು ಬದಿಯ ಹಗ್ಗ, ಆ ಹಗ್ಗವನ್ನು ಹಿಡಿದಿದ್ದದ್ದು ಸಿಕ್ಕಿಬಿದ್ದ ಹಲಗೆ. ಹಲಗೆ ಕೊಯ್ದರೆ ಆ ಬಲ ಎಲ್ಲಿಗೆ ಹಾರುತ್ತದೋ, ಯಾರ ಮುಖಕ್ಕೆ ಬರುತ್ತದೋ ನನಗೆ ಗೊತ್ತಿರಲಿಲ್ಲ. "ವಿಂಚಿನ್ ಹಗ್ಗ ಬಿಗ್ದಿಪ್ಪತಿಗೆ ಕತ್ತಿ ಹಾಕ್ತ್ರಾ ನೀವ್?" ಎಂದು ಕೇಳಿದೆ. ಅವನು ಕಟ್ಟರಿನ ಮಾತು ಬಿಟ್ಟ. ಅವನಿಗಿಂತ ಚೆನ್ನಾಗಿ ಆ ಪ್ರಶ್ನೆ ಯಾರಿಗೆ ಅರ್ಥವಾಗಬೇಕು?

ಮೊದಲು ಸ್ಪ್ರಿಂಗು ಸಡಿಲಿಸಬೇಕು, ಆಮೇಲೆ ಉಳಿದದ್ದು ಎಂದು ತೀರ್ಮಾನಿಸಿದೆ. ಅಕ್ಕ ಅಣ್ಣನಿಗೆ ವಿಡಿಯೊ ಕಾಲ್ ಮಾಡಿಕೊಟ್ಟರು. ಅವರೀಗ ಮುಂಬೈಯಲ್ಲಿ ಮಗಳ ಜೊತೆ ಇದ್ದಾರೆ. ಫೋನನ್ನು ಕಾರಿನ ಬಾನೆಟ್ಟಿನ ಮೇಲೆ ಒರಗಿಸಿಟ್ಟೆವು.

"ಶಾಫ್ಟಿಗ್ ಗ್ರಿಪ್ ಪ್ಲಯರ್ ಹಾಕಿ ಲಾಕ್ ಮಾಡಿ ಮೊದ್ಲ್," ಅಂದರು ಅವರು. "ಸ್ಪ್ರಿಂಗಿನ್ ಎದ್ರ್ ನಿಲ್ಬೇಡಿ, ಬದೀಗ್ ನಿಲ್ಲಿ. ಸರ್ಳ್ ತೂತಿಗ್ ಪೂರ್ತಿ ಹೊಕ್ಕ್ರೆ ಮಾತ್ರ ಕೈ ಬಲ ಹಾಕಿ. ಸ್ಕ್ರೂಡ್ರೈವರ್ ಹಾಕುಕ್ ಹೋಯ್ಬೇಡಿ ಮರ್ರೆ, ನನ್ ಜೊತಿಯವ್ನ್ ಹಲ್ಲ್ ಹೋಯಿತ್ ಹಂಗೆ."

ಸ್ಪ್ರಿಂಗಿನ ತುದಿಯ ಕಬ್ಬಿಣದ ಬಿಲ್ಲೆಯ ಸುತ್ತ ತೂತುಗಳಿದ್ದವು, ಅವುಗಳ ಅಳತೆಗೆ ಸರಿಯಾದ ಎರಡು ಕಬ್ಬಿಣದ ಸರಳನ್ನು ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಕೊಯ್ಯಿಸಿ ತಂದೆ. ಏಣಿ ಗೋಡೆಗೆ ಬಿಗಿದೆ. ಒಂದು ಸರಳು ತೂತಿಗೆ ಹಾಕಿ ಹಿಡಿದು, ಸ್ಪ್ರಿಂಗನ್ನು ಶಾಫ್ಟಿಗೆ ಕಚ್ಚಿಸಿದ್ದ ಸ್ಕ್ರೂಗಳನ್ನು ಸಡಿಲಿಸಿದೆ. ಎರಡನೆಯ ಸ್ಕ್ರೂ ಬಿಡುತ್ತಿದ್ದ ಹಾಗೆ ಸರಳಿಗೆ ಜೀವ ಬಂತು. ಇದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು. ಒಂದು ಗಳಿಗೆ ಹಿಂದೆ ತಣ್ಣಗಿದ್ದ ಕಬ್ಬಿಣ ನನ್ನ ಎರಡೂ ರಟ್ಟೆಯನ್ನು ಮೇಲಕ್ಕೆ ದೂಡತೊಡಗಿತು, ಹೋರಿಯ ಕೊಂಬು ಹಿಡಿದ ಹಾಗೆ. ಕಾಲು ಸುತ್ತು ಬಿಡುವುದು, ಇನ್ನೊಂದು ಸರಳು ಮುಂದಿನ ತೂತಿಗೆ ಹಾಕುವುದು, ಮೊದಲಿನದನ್ನು ತೆಗೆಯುವುದು, ಮತ್ತೆ ಕಾಲು ಸುತ್ತು. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈ ಇರಲಿಲ್ಲ. ಇಷ್ಟು ಬಲ ದಿನವೂ ಈ ಹೆಂಗಸಿನ ತಲೆಯ ಮೇಲೆ, ಎಷ್ಟೋ ವರ್ಷ, ಸದ್ದಿಲ್ಲದೆ ಕೆಲಸ ಮಾಡಿಕೊಂಡಿತ್ತಲ್ಲ ಎಂಬ ಯೋಚನೆ ಏಣಿಯ ಮೇಲೆಯೇ ಬಂತು.

ಕೊನೆಗೆ ಸರಳು ಸುಮ್ಮನಾಯಿತು. ಸ್ಪ್ರಿಂಗು ಸಡಿಲವಾಗಿ ಶಾಫ್ಟಿನ ಮೇಲೆ ಜೋತಿತು.

ಈಗ ಬಾಗಿಲಿಗೆ ಯಾವ ಆಸರೆಯೂ ಇಲ್ಲ. ಮಿಷನ್ನಿನ ಕೊಂಡಿ ತಪ್ಪಿಸಿ, ಬಲಬದಿಯ ಚಕ್ರವನ್ನು ಹಳಿಗೆ ಕೂರಿಸಿದೆ. ಎತ್ತಲು ನೋಡಿದೆ. ಕದಲಲಿಲ್ಲ. ಮೀನುಗಾರ ಫೋನು ಮಾಡಿದ. ಅವನ ಬೋಟಿನ ನಾಲ್ಕು ಜನ ಮಧ್ಯಾಹ್ನ ಕಳೆದು ಒಂದೇ ಗಾಡಿಯಲ್ಲಿ ಬಂದಿಳಿದರು. ಗಟ್ಟಿ ಆಳುಗಳು, ಬಲೆ ಎಳೆದು ಎಳೆದು ಅಂಗೈ ಹಲಗೆಯಾದವರು. "ಒಂದ್ ಬಾಗ್ಲಿಗ್ ಇಷ್ಟ್ ಜನವಾ?" ಎಂದು ನಗುತ್ತಲೇ ಕೈ ಹಾಕಿದರು. ಮೊದಲ ಎತ್ತಿಗೆ ನಗು ನಿಂತಿತು. ಎರಡನೆಯದಕ್ಕೆ ಅವರಲ್ಲಿ ಹಿರಿಯವ ಬಲೆ ಎಳೆಯುವಾಗಿನ ಕೂಗೊಂದು ಹಾಕಿದ, ಎಲ್ಲರೂ ಒಟ್ಟಿಗೆ ಉಸಿರು ಬಿಗಿದರು, ನಾನೂ ಹೆಗಲು ಕೊಟ್ಟೆ. ಬಾಗಿಲು ಗೊಣಗುತ್ತಾ ಮಂಡಿಗೆ ಬಂತು, ಸೊಂಟಕ್ಕೆ ಬಂತು, ತಲೆಯ ಮೇಲೆ ಹೋಯಿತು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ತಂದಿದ್ದ ಸೆಂಟ್ರಿಂಗ್ ಕಂಬಗಳನ್ನು ಅಡಿಗೆ ಕೊಟ್ಟೆವು.

"ಇದನ್ನ್ ನೀವ್ ದಿನಾ ಬೆರ್ಳಗೆ ಎತ್ತುದಾ ಅಕ್ಕ?" ಎಂದು ಒಬ್ಬ ಏದುಸಿರಿನಲ್ಲಿ ಕೇಳಿದ.

ಅಕ್ಕ ಕುರ್ಚಿಯನ್ನು ಕಾರಿನ ಬಾಗಿಲಿಗೆ ತಾಗಿಸಿ, ಒಂದು ಕೈ ಸೀಟಿಗೆ ಒಂದು ಕೈ ಕುರ್ಚಿಗೆ ಊರಿ ಒಂದೇ ಜಿಗಿತಕ್ಕೆ ಒಳಗೆ ಕೂತರು. ಕುರ್ಚಿ ಮಡಚಿ ತಾವೇ ಹಿಂದಕ್ಕೆ ಎಳೆದುಕೊಂಡರು. ಕಂಬಗಳ ನಡುವೆ ಎರಡೂ ಬದಿಗೆ ಒಂದೊಂದು ಅಂಗೈ ಜಾಗ. ಕಾರು ಹಿಮ್ಮುಖವಾಗಿ, ಒಂದು ಸಲವೂ ತಡೆಯದೆ, ದಾರದ ಮೇಲೆ ಎಳೆದ ಹಾಗೆ ಹೊರಗೆ ಬಂತು. ಬೋಟಿನವರು ಅಂಗಳದ ಬದಿಗೆ ಸರಿದು ದಾರಿ ಬಿಟ್ಟರು.

ಮರುದಿನ ಮಧ್ಯಾಹ್ನ ಮೀನುಗಾರನ ಫೋನು. "ಅಣ್ಣಾ, ಪಾಸ್," ಅಂದ. ಹಿಂದಿನಿಂದ ಅಕ್ಕನ ದನಿ, "ರಿವರ್ಸಗೆ ಕಂಬಕ್ ತಾಗ್ಸುಕ್ ಇದ್ದಿದ್ದೆ ಅಂದೇಳಿ ಹೇಳ್!"

ಅಲ್ಲಿಗೆ ಅವಸರ ಮುಗಿಯಿತು, ಕಷ್ಟ ಶುರುವಾಯಿತು. ಹೊಸದು ಹಾಕುವುದೋ, ಇದನ್ನೇ ಸರಿ ಮಾಡುವುದೋ?

ಮಿಷನ್ನನ್ನು ಇಳಿಸಿ ನನ್ನ ಅಂಗಡಿಗೆ ತಂದು ಬಿಚ್ಚಿದೆ. ಒಳಗೆ ನೈಲಾನ್ ಗೇರು ತುರಿದ ಕಾಯಿಯಂತೆ ಬಿಳಿ ಪುಡಿಯಾಗಿ ಬಿದ್ದಿತ್ತು. ಉಳಿದದ್ದೆಲ್ಲ ಗಟ್ಟಿ. ಮೋಟಾರಿನ ಸುರುಳಿ ಹೊಸದರ ಹಾಗಿತ್ತು, ಬೇರಿಂಗು ಸದ್ದು ಮಾಡದೆ ತಿರುಗುತ್ತಿತ್ತು. ಬ್ರಹ್ಮಾವರದಲ್ಲಿ ನನಗೆ ಪರಿಚಯದ ಒಂದು ಲೇತ್ ಶಾಪ್ ಇದೆ, ಅಲ್ಲಿನವನಿಗೆ ಗೇರಿನ ಉಳಿದ ಚೂರು ತೋರಿಸಿದೆ. ನೈಲಾನ್ ರಾಡಿನಲ್ಲಿ ಅಂಥದೇ ಕೊರೆದು ಕೊಡುತ್ತೇನೆ ಅಂದ. ಅಂದರೆ ರಿಪೇರಿ ಆಗದ ಮಾತಲ್ಲ.

ಬಾಗಿಲನ್ನು ಹಗಲು ಬೆಳಕಿನಲ್ಲಿ ನಿಧಾನ ನೋಡಿದ್ದು ಆಮೇಲೆ. ದೋಣಿಯ ಆಚಾರ್ರು ಅದನ್ನು ದೋಣಿಯ ಹಾಗೆಯೇ ಮಾಡಿದ್ದರು. ಹಲಗೆಯ ಅಂಚಿನ ಮೇಲೆ ಹಲಗೆ ಕೂತು ನೀರು ಹೊರಕ್ಕೇ ಜಾರಬೇಕು, ಅಂಥ ಕೂಡಿಕೆ. ಕಬ್ಬಿಣದ ಮೊಳೆ ಒಂದೂ ಇಲ್ಲ, ಎಲ್ಲ ತಾಮ್ರದ್ದು. ಕಡಲಿನಿಂದ ಕೂಗಳತೆಯಲ್ಲಿ ಇಷ್ಟು ಮಳೆಗಾಲ ಕಳೆದೂ ಒಂದು ಹಲಗೆ ಡೊಂಕಾಗಿರಲಿಲ್ಲ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ. ಎರಡೂ ಕರ್ಣ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಬಂತು. ಮತ್ತೊಮ್ಮೆ ಅಳೆದೆ, ನಂಬಿಕೆ ಬರಲಿಲ್ಲವೆಂದು. ಇದನ್ನು ಕಿತ್ತು ತಗಡಿನ ಶಟರು ಹಾಕುವ ಮಾತು ನನ್ನ ಬಾಯಿಂದ ಬರುವಂತಿರಲಿಲ್ಲ.

ಅಣ್ಣತಂಗಿಯರ ಲೆಕ್ಕ ಬೇರೆ ಇತ್ತು. ವಿಡಿಯೊ ಕಾಲಿನಲ್ಲಿ ಅಣ್ಣ ಹೇಳಿದರು, "ಎಲ್ಲಾ ತೆಗ್ದ್ ಹಾಕಿ. ಹೊಸ ಶಟರ್ ಹಾಕಿ. ಹಳೀ ಸಾಮಾನಿನ್ ಅಡಿಗೆ ಅವ್ಳ್ ಹೋಪುದ್ ಬಪ್ಪುದ್ ನಂಗ್ ಬ್ಯಾಡ."

"ಅಣ್ಣ ಹೊತ್ಕಂಡ್ ಬಂದದ್ದ್ ಅದ್," ಅಂದರು ಅಕ್ಕ. "ಗೇರ್ ಮಾಡ್ಸುಕ್ ಆತ್ತ್ ಅಂದ್ರೆ ಮಿಷನ್ನೂ ಇರ್ಲಿ, ಬಾಗ್ಲೂ ಇರ್ಲಿ."

ಒಬ್ಬರಿಗೆ ಎಲ್ಲ ಹೋಗಬೇಕು, ಒಬ್ಬರಿಗೆ ಎಲ್ಲ ಉಳಿಯಬೇಕು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಹೇಳುತ್ತಿದ್ದದ್ದು. ನಡುವೆ ನಾನು.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ ಒಂದು ಸಂಗತಿ. ಆ ಹಳೆಯ ಮಿಷನ್ನಿಗೆ ಕಣ್ಣಿರಲಿಲ್ಲ. ಈಗಿನವುಗಳಲ್ಲಿ ಬಾಗಿಲ ಎರಡೂ ಬದಿಗೆ ನೆಲದ ಹತ್ತಿರ ಒಂದೊಂದು ಸೆನ್ಸರ್ ಇರುತ್ತದೆ. ನಡುವೆ ಏನೇ ಅಡ್ಡ ಬಂದರೂ ಇಳಿಯುವ ಬಾಗಿಲು ನಿಂತು ಹಿಂದಕ್ಕೆ ಏರುತ್ತದೆ. ಈ ಹಳೆಯದಕ್ಕೆ ಬಾಗಿಲು ಯಾವುದಕ್ಕಾದರೂ ತಾಗಿದ ಮೇಲೇ ತಿಳಿಯುವುದು, ಅದೂ ಬಲವಾಗಿ ತಾಗಿದರೆ.

"ಅಕ್ಕ, ಒಂದ್ ಕೇಣ್ತೆ. ಕುರ್ಚಿಯಗೆ ಹೋಪತಿಗೆ ಯಾವತ್ತಾರೂ ಬಾಗ್ಲ್ ಮೇಲಿಂದ್ ಬಂದಿತ್ತಾ?"

ಅವರು ಫೋನಿನ ಕಡೆ ಒಮ್ಮೆ ನೋಡಿದರು, ಅಣ್ಣ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಕುರ್ಚಿಯನ್ನು ಅರ್ಧ ತಿರುಗಿಸಿ ಬೆನ್ನಿನ ಹಿಡಿಕೆ ತೋರಿಸಿದರು. ಪೈಪು ಒಳಕ್ಕೆ ತಗ್ಗಾಗಿತ್ತು. "ಒಂದೇ ಸಲ. ರಿಮೋಟ್ ಮಡ್ಲಗೆ ಇದ್ದಿತ್, ಕೈ ತಾಗಿ ಒತ್ತಿ ಹೋಯ್ತ್. ನಾ ಬಗ್ಗಿದ್ದೆ, ಹಂಗಾಯಿ ತಲೆಗ್ ಬೀಳ್ಲಿಲ್ಲೆ."

"ನಂಗ್ ಹೇಳ್ಳೇ ಇಲ್ಯಲೇ ಹೆಣೆ," ಎಂದರು ಅಣ್ಣ.

ನಾನು ಆಗ ಹೇಳಿದೆ: ಮಿಷನ್ ಬದಲಿಸುವ, ಬಾಗಿಲು ಉಳಿಸುವ. ಗೇರು ಕೊರೆಸಿದರೆ ಮಿಷನ್ನು ಓಡುತ್ತದೆ, ಇನ್ನೂ ಹಲವು ವರ್ಷ ಓಡಬಹುದು. ಆದರೆ ಓಡುವುದು ಒಂದೇ ಅದರ ಕೆಲಸ ಅಲ್ಲ, ಅಡಿಯಲ್ಲಿ ಯಾರಿದ್ದಾರೆಂದು ನೋಡುವುದೂ ಈಗ ಕೆಲಸವೇ. ಬಾಗಿಲಿಗೆ ಮಾತ್ರ ಏನೂ ಆಗಿಲ್ಲ. ಎರಡು ಸ್ಪ್ರಿಂಗು, ಎರಡು ಹಗ್ಗ, ಹೊಸ ಚಕ್ರಗಳು, ಇಷ್ಟು ಕೊಟ್ಟರೆ ನಮ್ಮ ನಂತರವೂ ಇರುತ್ತದೆ. ಇಬ್ಬರೂ ಅರ್ಧರ್ಧ ಸೋತರು, ಅರ್ಧರ್ಧ ಗೆದ್ದರು. ಒಪ್ಪಿದರು.

ಸ್ಪ್ರಿಂಗು ಆರ್ಡರು ಮಾಡಲು ಬಾಗಿಲಿನ ಸರಿಯಾದ ತೂಕ ಬೇಕು. ಹಳೆಯ ಸ್ಪ್ರಿಂಗಿನ ಅಳತೆ ತುಕ್ಕಿನಿಂದ ನಂಬುವಂತಿರಲಿಲ್ಲ. ಅಕ್ಕಿ ವ್ಯಾಪಾರಿಯೊಬ್ಬರಿಂದ ಮೂಟೆ ತೂಗುವ ಮಣೆಯ ತಕ್ಕಡಿ ಕೇಳಿ ತಂದೆ. ಅದನ್ನು ಬಾಗಿಲ ನಡುವಿಗೆ ಸರಿಯಾಗಿ ಇಟ್ಟು, ಬೋಟಿನವರನ್ನೇ ಮತ್ತೆ ಕರೆದು, ಕಂಬ ತೆಗೆದು ಮೆಲ್ಲಗೆ ಬಾಗಿಲನ್ನು ಅದರ ಮೇಲೆ ಕೂರಿಸಿದೆವು. ಅಂಕೆ ಏರುತ್ತಾ ಏರುತ್ತಾ ಹೋಯಿತು. ಮೂರು ಮೂಟೆ ಅಕ್ಕಿಯನ್ನೂ ದಾಟಿ ನಿಂತಿತು. ಬೋಟಿನವರು ತಮ್ಮ ಸೊಂಟ ನೋವಿಗೆ ಕಾರಣ ಸಿಕ್ಕಿತೆಂದು ಸಮಾಧಾನಪಟ್ಟರು.

ಮಂಗಳೂರಿನ ಒಬ್ಬ ಡೀಲರಿಗೆ ಅಳತೆ ಕಳಿಸಿದೆ. ಸ್ಪ್ರಿಂಗುಗಳು ಬಂದವು, ಅಕ್ಕನ ಮನೆಗೆ ಒಯ್ದು ಶಾಫ್ಟಿಗೆ ಏರಿಸಿದ ಮೇಲೆ ಗೊತ್ತಾಯಿತು: ಎರಡೂ ಒಂದೇ ಕಡೆಗೆ ಸುತ್ತಿದಂಥವು. ಒಂದು ಎಡಸುತ್ತು, ಒಂದು ಬಲಸುತ್ತು ಇರಬೇಕು. ಇಲ್ಲದಿದ್ದರೆ ಒಂದು ಬಿಗಿಯುವಾಗ ಇನ್ನೊಂದು ಬಿಚ್ಚುತ್ತದೆ. ನಾನು ಬಿಲ್ಲು ನೋಡುವ ಮುಂಚೆ ಸುರುಳಿ ನೋಡಬೇಕಿತ್ತು. ಬಿಚ್ಚಿ, ಕಟ್ಟಿ, ಬಸ್ಸಿಗೆ ಹಾಕಿ ಮರಳಿಸಿದೆ. ಕಾರು ಟಾರ್ಪಾಲಿನಡಿ ಅಂಗಳದಲ್ಲಿತ್ತು, ಅಕ್ಕ ದಿನಾ ಟಾರ್ಪಾಲು ಎಳೆದು ಮಡಚಿ ಸಿದ್ದಾಪುರಕ್ಕೆ ಕ್ಲಾಸಿಗೆ ಹೋಗುತ್ತಿದ್ದರು. ಅಲ್ಲಿ ಮರದಿಂದ ಬಿದ್ದು ಬೆನ್ನು ಮುರಿದ ಒಬ್ಬರು ಹೊಸದಾಗಿ ಕಲಿಯಲು ಸೇರಿದ್ದರಂತೆ.

ಸರಿಯಾದ ಜೋಡಿ ಬಂದ ದಿನ ಹೊಸ ಮಿಷನ್ನೂ ಬಂತು. ಡಬ್ಬವನ್ನು ಗೋಡೆಗೆ ಒರಗಿಸಿಟ್ಟು, ಮೊದಲು ಸ್ಪ್ರಿಂಗು ಹಿಡಿದೆ. ಬಾಗಿಲು ಕೆಳಗಿಳಿದಿತ್ತು. ಹಗ್ಗಗಳನ್ನು ಡ್ರಮ್ಮಿಗೆ ಸುತ್ತಿ ಸಮ ಮಾಡಿದೆ. ಸರಳು ಹಾಕಿ ಸುತ್ತುತ್ತಾ ಹೋದೆ, ಒಂದು ಸ್ಪ್ರಿಂಗು ಮುಗಿಸಿ ಇನ್ನೊಂದು. ಅಣ್ಣ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಬಿಗಿದೆ, ಆಮೇಲೆ ಸೇರಿಸಬಹುದಲ್ಲ ಎಂದು.

ಪರೀಕ್ಷೆ ಹೀಗೆ: ಬಾಗಿಲನ್ನು ಅರ್ಧಕ್ಕೆ ಎತ್ತಿ ಕೈ ಬಿಡಬೇಕು. ಬಿದ್ದರೆ ಬಿಗಿ ಸಾಲದು, ತಾನಾಗಿ ಏರಿದರೆ ಹೆಚ್ಚಾಯಿತು. ಮೊದಲ ಸಲ ಕೈ ಬಿಟ್ಟಾಗ ಮೆಲ್ಲಗೆ ಕೆಳಗೆ ಜಾರಿತು. ಎರಡೂ ಬದಿಗೆ ಕಾಲು ಸುತ್ತು ಕೊಟ್ಟೆ. ಮತ್ತೆ ಜಾರಿತು, ಆದರೆ ಯೋಚಿಸುತ್ತಾ ಜಾರಿದ ಹಾಗೆ. ಇನ್ನೊಂದು ಕಾಲು ಸುತ್ತು. ಎತ್ತಿದೆ, ಕೈ ಬಿಟ್ಟೆ.

ನಿಂತಿತು.

ಎದೆಮಟ್ಟದಲ್ಲಿ, ಗಾಳಿಯಲ್ಲಿ, ಯಾವ ಆಧಾರವೂ ಕಾಣದೆ. ನಾಲ್ಕು ಆಳು ಏದುಸಿರು ಬಿಟ್ಟ ಅದೇ ಮರ. ನಾನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಒಂದು ಬೆರಳು ತಾಗಿಸಿದರೆ ಅಷ್ಟೇ ಏರುತ್ತದೆ, ಬೆರಳು ತೆಗೆದರೆ ಅಲ್ಲೇ ನಿಲ್ಲುತ್ತದೆ. ಮರಳಿಸಲು ಇಟ್ಟಿದ್ದ ತಕ್ಕಡಿಯನ್ನು ಮತ್ತೆ ಅಡಿಗೆ ತಳ್ಳಿ ಬಾಗಿಲು ಇಳಿಸಿದೆ. ಮೂರು ಮೂಟೆಯ ಭಾರವಿದ್ದ ಬಾಗಿಲು ಈಗ ಐದಾರು ತೆಂಗಿನಕಾಯಿಯಷ್ಟು ತೂಗಿತು. ಹೇಗೆಂಬ ಲೆಕ್ಕ ನನಗೆ ಗೊತ್ತು, ಆ ಲೆಕ್ಕ ಹಾಕಿಯೇ ಸ್ಪ್ರಿಂಗು ತರಿಸಿದ್ದು. ಗೊತ್ತಿದ್ದೂ ಬಾಗಿಲು ಎತ್ತಿ ಇನ್ನೊಮ್ಮೆ ಇಳಿಸಿ ನೋಡಿದೆ. ಭಾರ ಎಲ್ಲಿಗೂ ಹೋಗಿರಲಿಲ್ಲ, ಅದನ್ನು ಮೇಲಿನ ಎರಡು ಸುರುಳಿ ಹೊತ್ತು ನಿಂತಿದ್ದವು.

ಒಬ್ಬನೇ ನೋಡುವಂಥದ್ದಲ್ಲ ಅನಿಸಿತು. "ಅಕ್ಕ, ಒಂಚೂರ್ ಇತ್ಲಾಗ್ ಬನಿ," ಎಂದು ಕರೆದೆ.

ಅವರು ಒಳಬಾಗಿಲಿನಿಂದ ಬಂದು ನನ್ನ ಪಕ್ಕ ಕುರ್ಚಿ ನಿಲ್ಲಿಸಿದರು. "ಮಿಷನ್ ಹಾಕಿ ಆಯ್ತಾ?"

"ಇಲ್ಲೆ. ಡಬ್ಬ ಬಿಚ್ಲೇ ಇಲ್ಲೆ. ನೀವ್ ಆ ಕೆಳ್ಗಿನ್ ಹಿಡಿಕೆ ಹಿಡ್ದ್ ಎತ್ತಿ ಕಾಂಬ."

"ನಾನಾ?"

"ನೀವೇ."

ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖ ನೋಡಿದರು. ಕುರ್ಚಿಯನ್ನು ಬಾಗಿಲಿಗೆ ಓರೆಯಾಗಿ ತಂದು ಬ್ರೇಕು ಹಾಕಿದರು. ಬಗ್ಗಿ ಹಿಡಿಕೆಗೆ ಬಲಗೈ ಹಾಕಿ, ದೊಡ್ಡ ಭಾರಕ್ಕೆಂದು ಭುಜ ಗಟ್ಟಿ ಮಾಡಿ ಎಳೆದರು. ಬಾಗಿಲು ಹಾರಿದ ಹಾಗೆ ಅವರ ಭುಜದವರೆಗೆ ಬಂತು. ಹೆದರಿ ಕೈ ಬಿಟ್ಟರು. ಅದು ಅಲ್ಲೇ ನಿಂತಿತು. ಅಡಿಯಿಂದ ಬೆಳಕು ಬಂದು ಅವರ ಮಡಿಲ ಮೇಲೆ ಬಿತ್ತು.

ಈ ಸಲ ಅಂಗೈಯನ್ನು ಬಾಗಿಲ ಕೆಳಗಿನ ಅಂಚಿಗೆ ಕೊಟ್ಟು ಮೆಲ್ಲಗೆ ದೂಡಿದರು. ಕೈ ಪೂರ್ತಿ ಚಾಚುವಷ್ಟು ಎತ್ತರಕ್ಕೆ ಬಾಗಿಲು ಹೋಯಿತು. ಕುರ್ಚಿಗೇನು, ಕಾರಿಗೂ ಅಷ್ಟು ಎತ್ತರ ಸಾಕು.

"ಯಾವಾಗ್ಳೂ ಇದ್ ಇಷ್ಟ್ ಹಗುರವೇ ಇದ್ದಿತ್ತಾ?"

"ಹೌದ್ ಅಕ್ಕ. ಸ್ಪ್ರಿಂಗ್ ತುಂಡಾಪಲ್ಲಿವರೆಗೆ. ಮಿಷನ್ ಬರೀ ಬೆರ್ಳ್ ತಾಗ್ಸ್ತಿದ್ದಿತ್, ಅಷ್ಟೇ."

"ನಾ ಅದ್ ಮೋಟಾರಿನ್ ಬಲ ಅಂದೇಳಿ ತಿಳ್ಕಂಡಿದ್ದೆ," ಅಂದರು. ಮೇಲಿನ ಸುರುಳಿಗಳನ್ನು ನೋಡುತ್ತಾ, "ಕರೆಂಟ್ ಹೋರೆ ನಾ ಎಷ್ಟ್ ಸಲ ಇಲ್ಲಿ ಕೂಕಂಡ್ ಕಾದಿದ್ದೆ ಗೊತ್ತಿತ್ತಾ? ಮಳಿಗಾಲದಗೆ ದಿನಗಟ್ಲೆ. ಕಲೂಕ್ ಬಂದವ್ರನ್ನ್ ತಿರ್ಗಿ ಕಳ್ಸಿದ್ದೆ. ಇಲ್ಲೇ, ಈ ಬಾಗ್ಲಿನ್ ಎದ್ರೇ."

ಮಿಷನ್ನಿನ ಕೊಂಡಿ ತಪ್ಪಿಸುವ ಹಗ್ಗ ಹಳೆಯದರಲ್ಲೂ ಇತ್ತು, ನಿಂತವರ ಕೈಗೆ ಎಟಕುವಷ್ಟು ಎತ್ತರದಲ್ಲಿ. ಹಾಕಿದವರಾಗಲಿ ಮನೆಗೆ ಬಂದು ಹೋದವರಾಗಲಿ ಯಾರೂ ಕೂತು ನೋಡಿರಲಿಲ್ಲ. ಹೊಸದರಲ್ಲಿ ಬ್ಯಾಟರಿ ಇದೆ, ಕರೆಂಟು ಹೋದರೂ ನಡೆಯುತ್ತದೆ, ಆದರೂ ಹಗ್ಗವನ್ನು ಅವರ ಮಡಿಲವರೆಗೆ ಇಳಿಸಿ ಕಟ್ಟುತ್ತೇನೆ ಎಂದೆ. ಹೆಚ್ಚು ಎತ್ತರಕ್ಕೆ ಬೇಕಾದರೆ ಎಳೆಯಲು ಬಾಗಿಲಿಗೆ ಒಂದು ಪಟ್ಟಿಯನ್ನೂ. ಅವರು ಕೇಳಿಸಿಕೊಂಡರೋ ಇಲ್ಲವೋ. ಬಾಗಿಲಡಿ ಹೊರಗೆ ಹೋಗಿ, ತಿರುಗಿ ಹಿಡಿಕೆ ಎಳೆದು ಮುಚ್ಚಿದರು. ಶೆಡ್ಡು ಕತ್ತಲಾಯಿತು, ನಾನು ಒಳಗೇ ಉಳಿದೆ. ಮತ್ತೆ ಬೆಳಕಾಯಿತು. ಅಡಿಯಲ್ಲಿ ಮೊದಲು ಗಾಲಿಗಳು, ಆಮೇಲೆ ಸೀರೆಯ ಅಂಚು, ಆಮೇಲೆ ನಗುತ್ತಿದ್ದ ಮುಖ.

"ಮಿಷನ್ ನಾಳೆ ಹಾಕುವ," ಅಂದರು. "ಇವತ್ ಹೀಂಗೇ ಇರ್ಲಿ."

ನಾನು ಡಬ್ಬ ಮುಟ್ಟಲಿಲ್ಲ. ಸಾಮಾನು ಕಟ್ಟಿ, ಏಣಿಯನ್ನು ಗಾಡಿಗೆ ಬಿಗಿದು ಅಂಗಳಕ್ಕೆ ಬಂದೆ. ಅವರು ಕಾರನ್ನು ಒಳಗೆ ತಂದರು, ಬಾಗಿಲು ಮುಚ್ಚಿದರು, ಬಾಗಿಲು ತೆಗೆದರು, ಕಾರನ್ನು ಹೊರಗೆ ತಂದರು. ಎಲ್ಲಿಗೂ ಹೋಗಲಿಕ್ಕಿರಲಿಲ್ಲ. ನಾನು ಗೇಟು ದಾಟಿ ರಸ್ತೆಗೆ ಬಂದು ಹಿಂದಿರುಗಿ ನೋಡಿದಾಗಲೂ ದೋಣಿ ಆಚಾರ್ರ ಆ ಬಾಗಿಲು ಅವರ ಒಂದು ಕೈಯಡಿ ಏರುತ್ತಿತ್ತು, ಸದ್ದೇ ಇಲ್ಲದೆ.